ಉತಾರದಲ್ಲಿ ನಿಮ್ಮ ಗುಡ್ಡಕ್ಕೆ ಏನೆಂದು ಬರೆದಿದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಒಂದು ಹಳ್ಳಿ. ಊರಿನ ಪಕ್ಕ ಸುಮಾರು ಮುನ್ನೂರು ಎಕರೆ ಕುರುಚಲು ಗುಡ್ಡ ಇದೆ. ಊರ ಹಳ್ಳ ಹುಟ್ಟುವುದು ಅಲ್ಲೇ. ನವಿಲು ಬಹಳ. ತೋಳವನ್ನು ಕುರಿ ಕಾಯುವವರು ಆಗಾಗ ನೋಡುತ್ತಾರೆ. ಹೋದ ತಿಂಗಳು ಯಾರೋ ಬಂದು ಅಳತೆ ಮಾಡಿಕೊಂಡು ಹೋದರು. ಕಲ್ಲು ಕ್ವಾರಿ, ಖಡಿ ಮಷಿನ್ ಬರುತ್ತದೆ ಅಂತ ಮಾತು. ನಾವು ಹುಡುಗರು ಸೇರಿ ಸಹಿ ಮಾಡಿಸಿ ಡಿಸಿ ಆಫೀಸಿಗೆ ಮನವಿ ಕೊಟ್ಟಿದ್ದೇವೆ. ಕಪ್ಪತಗುಡ್ಡದ ಹಾಗೆ ನಮ್ಮ ಗುಡ್ಡವನ್ನೂ ಕಾನೂನಿನಲ್ಲಿ ಉಳಿಸಲು ಆಗುತ್ತದಾ? ಅಭಯಾರಣ್ಯ ಆದರೆ ಮೇಯಿಸಲು ಬಿಡುವುದಿಲ್ಲ ಅಂತ ಕುರಿ ಇರುವವರು ಹೆದರಿದ್ದಾರೆ. ಇನ್ನು ಮಹದಾಯಿ ಹೋರಾಟಕ್ಕೆ ಹೋಗಿದ್ದ ನಮ್ಮೂರಿನ ಹಿರಿಯರೊಬ್ಬರು, "ಅಲ್ಲಿ ಕಾಡು ಹೋದರೂ ನೀರು ಬೇಕು ಅಂತೀರಿ, ಇಲ್ಲಿ ಗುಡ್ಡ ಬೇಕು ಅಂತೀರಿ, ಯಾವುದು ಖರೆ?" ಅಂತ ಕೇಳಿದರು. ಅವರಿಗೆ ಏನು ಹೇಳಬೇಕು?

ಉತ್ತರ: ನಮಸ್ಕಾರ. ಉಳಿಸಲು ಆಗುತ್ತದೆ. ಮನವಿ ಕೊಟ್ಟದ್ದು ಒಳ್ಳೆಯದೇ ಆಯಿತು. ಆದರೆ ಅದರ ಮೇಲೆ ನಂಬಿಕೆ ಇಟ್ಟು ಕೂರಬೇಡಿ. ಮನವಿಗೆ ಒಂದು ಸ್ವೀಕೃತಿ ಸಿಗುತ್ತದೆ, ಒಂದು ನಂಬರ್ ಬೀಳುತ್ತದೆ, ಆಮೇಲೆ ಅದು ಕಡತದೊಳಗೆ ಹೋಗುತ್ತದೆ. ಖಡಿ ಮಷಿನ್ ಹಾಕುವವರ ಅರ್ಜಿಯಲ್ಲಿ ಸರ್ವೆ ನಂಬರ್, ನಕ್ಷೆ, ಎಕರೆ, ಗುಂಟೆ ಎಲ್ಲಾ ಇರುತ್ತದೆ. ನಮ್ಮ ಮನವಿಯಲ್ಲಿ ಸಾಮಾನ್ಯವಾಗಿ "ನಮ್ಮ ಊರಿನ ಗುಡ್ಡ" ಅಂತ ಮಾತ್ರ ಇರುತ್ತದೆ. ಎರಡೂ ಒಂದೇ ಮೇಜಿನ ಮೇಲೆ ಬಂದಾಗ ಯಾವುದಕ್ಕೆ ತೂಕ ಜಾಸ್ತಿ, ನೀವೇ ಹೇಳಿ.

ಇದು ನನಗೆ ಅನುಭವದಿಂದ ಗೊತ್ತು. ಬಹಳ ವರ್ಷದ ಹಿಂದೆ ಒಂದು ಹಳ್ಳಿಯವರು ನನ್ನ ಹತ್ತಿರ ಬಂದಿದ್ದರು. ಊರಿನ ಹೆಸರು ಬೇಡ. ಗ್ರಾಮಸಭೆಯಲ್ಲಿ ಠರಾವು ಮಾಡೋಣ ಅಂದೆ. ಬರೆದುಕೊಟ್ಟವನೂ ನಾನೇ. "ನಮ್ಮ ಗ್ರಾಮದ ಗುಡ್ಡವನ್ನು ಯಾರಿಗೂ ಗಣಿಗಾರಿಕೆಗೆ ಕೊಡಬಾರದು" ಅಂತ ಒಂದೇ ಸಾಲು. ಊರೆಲ್ಲ ಕೈ ಎತ್ತಿತು. ಕೆಲವು ದಿನ ಬಿಟ್ಟು ಕಚೇರಿಯಿಂದ ಪತ್ರ ಬಂತು: ಯಾವ ಗುಡ್ಡ, ಯಾವ ಸರ್ವೆ ನಂಬರ್, ವಿಸ್ತೀರ್ಣ ಎಷ್ಟು? ಮತ್ತೆ ಗ್ರಾಮಸಭೆ ಸೇರಿಸಿ ಠರಾವು ತಿದ್ದುವಷ್ಟರಲ್ಲಿ ಗುಡ್ಡದ ಒಂದು ಮೂಲೆ ಗುತ್ತಿಗೆಗೆ ಹೋಗಿಬಿಟ್ಟಿತ್ತು. ಆ ಮೂಲೆ ಈಗ ದೊಡ್ಡ ಗುಂಡಿ. ಬೇಸಿಗೆಯಲ್ಲಿ ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅದಕ್ಕೇ ನಿಮಗೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಪ್ಪತಗುಡ್ಡದ ವಿಷಯ. ನೀವು ಅದನ್ನು ಮಾದರಿ ಅಂತ ಹೇಳಿದ್ದೀರಿ. ಮಾದರಿ ಹೌದು. ಆದರೆ ಅಲ್ಲಿ ನಡೆದದ್ದು ಪೂರ್ತಿ ಗೊತ್ತಿರಬೇಕು, ಯಾಕೆಂದರೆ ಅವರು ಒಮ್ಮೆ ಗೆದ್ದು, ಸೋತು, ಮತ್ತೆ ಗೆದ್ದವರು.

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಆ ಗುಡ್ಡಸಾಲು ಔಷಧಿ ಗಿಡಗಳಿಗೆ ಹೆಸರಾದದ್ದು. ತೋಳ, ಕತ್ತೆಕಿರುಬ, ಕೊಂಡುಕುರಿ, ಚಿರತೆ ಎಲ್ಲಾ ಇವೆ. ಮಣ್ಣಿನಲ್ಲಿ ಕಬ್ಬಿಣದ ಅದಿರಿದೆ, ಚಿನ್ನವೂ ಇದೆ. ಗಣಿಯವರ ಕಣ್ಣು ಬಿದ್ದದ್ದು ಅದಕ್ಕೇ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿ ತೆಗೆದುಕೊಳ್ಳಲು ಹೊರಟಾಗ ರೈತರು ಎದ್ದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಜನರಿಗೆ ತಮ್ಮ ಶಕ್ತಿ ಗೊತ್ತಾದದ್ದು ಅಲ್ಲಿ. ಆದರೆ ಆಗ ಬಿಟ್ಟದ್ದು ಒಂದು ಕಾರ್ಖಾನೆಯನ್ನು ಮಾತ್ರ. ಗುಡ್ಡಕ್ಕೆ ಇನ್ನೂ ಕಾನೂನಿನ ಕಾವಲು ಇರಲಿಲ್ಲ.

2015ರ ಡಿಸೆಂಬರ್‌ನಲ್ಲಿ ಸರ್ಕಾರ ಸುಮಾರು 178 ಚದರ ಕಿಲೋಮೀಟರ್ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿತು. ಜನ ಸಂತೋಷಪಟ್ಟರು. ಒಂದು ವರ್ಷ ತುಂಬುವುದರೊಳಗೆ, 2016ರ ನವೆಂಬರ್‌ನಲ್ಲಿ, ಆ ಆದೇಶವನ್ನು ವಾಪಸ್ ಪಡೆದರು! ಆಗ ಎದ್ದ ಮುಖ್ಯ ಮಾತು ಏನು ಗೊತ್ತಾ? ಸ್ಥಳೀಯ ಜನರ ಜತೆ ಸಮಾಲೋಚನೆ ಸರಿಯಾಗಿ ನಡೆದಿಲ್ಲ ಅಂತ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಂನಲ್ಲಿ ಇಂಥ ಪ್ರದೇಶ ಘೋಷಿಸುವ ಮುಂಚೆ ಸ್ಥಳೀಯರನ್ನು ಕೇಳಬೇಕು ಅಂತ ಸ್ಪಷ್ಟವಾಗಿ ಇದೆ. ಜನರಿಗೆ ಗುಡ್ಡ ಬೇಕಿತ್ತು, ಮನಸ್ಸಿನಲ್ಲಿ ಒಪ್ಪಿಗೆ ಇತ್ತು. ಕೊರತೆ ಇದ್ದದ್ದು ಕಡತದಲ್ಲಿ.

ಆಮೇಲೆ ಜನ ಬೀದಿಗೆ ಬಂದರು. 2017ರ ಫೆಬ್ರವರಿಯಲ್ಲಿ ಗದಗದಲ್ಲಿ ಹಗಲು ರಾತ್ರಿ ಧರಣಿ ನಡೆಯಿತು. ಸ್ವಾಮೀಜಿಯವರಿದ್ದರು, ಧಾರವಾಡದ ಎಸ್. ಆರ್. ಹಿರೇಮಠರಿದ್ದರು, ಸುತ್ತಲಿನ ಹಳ್ಳಿಯ ರೈತರಿದ್ದರು. ಏಪ್ರಿಲ್‌ನಲ್ಲಿ ಮೀಸಲು ಪ್ರದೇಶದ ಸ್ಥಾನ ಮರಳಿ ಬಂತು. ಅಷ್ಟಕ್ಕೆ ಅವರು ಸುಮ್ನೆ ಕೂರಲಿಲ್ಲ. ರಾಜ್ಯ ಸರ್ಕಾರ ಕೊಟ್ಟದ್ದನ್ನು ರಾಜ್ಯ ಸರ್ಕಾರವೇ ಕಿತ್ತುಕೊಳ್ಳಬಹುದು ಅಂತ ಒಮ್ಮೆ ನೋಡಿದ್ದರಲ್ಲ. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ಕಪ್ಪತಗುಡ್ಡ ವನ್ಯಜೀವಿ ಅಭಯಾರಣ್ಯ ಆಯಿತು. ಅಭಯಾರಣ್ಯದ ಗಡಿ ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಬೆಂಗಳೂರಿನಲ್ಲಿ ಕೂತು ಒಂದು ಆದೇಶದಿಂದ ಅಳಿಸಲು ಬರುವುದಿಲ್ಲ. ಜತೆಗೆ 2023ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಅಭಯಾರಣ್ಯದ ಒಳಗೆ ಮಾತ್ರವಲ್ಲ, ಗಡಿಯಿಂದ ಒಂದು ಕಿಲೋಮೀಟರ್ ತನಕ ಗಣಿಗಾರಿಕೆ ಇಲ್ಲ. ಸಿದ್ಧಲಿಂಗ ಸ್ವಾಮೀಜಿ 2018ರಲ್ಲಿ ತೀರಿಕೊಂಡರು. ಅಭಯಾರಣ್ಯ ಆದದ್ದನ್ನು ಅವರು ನೋಡಲಿಲ್ಲ.

ಈಗ ನಿಮ್ಮ ಗುಡ್ಡಕ್ಕೆ ಬರೋಣ. ನೀವು ಮಾಡಬೇಕಾದ ಮೊದಲ ಕೆಲಸ, ಗುಡ್ಡದ ಎಲ್ಲಾ ಸರ್ವೆ ನಂಬರ್‌ಗಳ ಉತಾರ (ಪಹಣಿ) ತೆಗೆಸುವುದು. ಗ್ರಾಮ ನಕ್ಷೆಯನ್ನೂ ತನ್ನಿ. ಒಂದೇ ಗುಡ್ಡ ಮೂರು ನಾಲ್ಕು ಸರ್ವೆ ನಂಬರ್‌ನಲ್ಲಿ ಹರಿದುಹೋಗಿರುತ್ತದೆ. ಒಂದು ತುಂಡು ಅರಣ್ಯ ಇಲಾಖೆ ಹೆಸರಿನಲ್ಲಿ, ಒಂದು ಗಾಯರಾಣ (ದನ ಮೇಯಲು ಬಿಟ್ಟ ಗೋಮಾಳ), ಒಂದು ಬರೀ "ಸರ್ಕಾರ", ಇನ್ನೊಂದು ಯಾರದೋ ಪಟ್ಟಾ. ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 11ರಲ್ಲಿ ಏನು ಬರೆದಿದೆ, ಪ್ರತಿ ನಂಬರ್‌ಗೂ ನೋಡಿ. ದಾರಿ ಬೇರೆ ಬೇರೆ ಆಗುವುದು ಇಲ್ಲಿಂದಲೇ.

"ಖರಾಬು" ಅಂತ ಬರೆದಿದ್ದರೆ ಎದೆಗುಂದಬೇಡಿ. ಆ ಶಬ್ದ ನಮ್ಮ ಭಾಗದ ಗುಡ್ಡಗಳಿಗೆ ಬಹಳ ಅನ್ಯಾಯ ಮಾಡಿದೆ. ಖರಾಬು ಅಂದರೆ ಕೆಟ್ಟ ಭೂಮಿ ಅಂತ ಎಲ್ಲರೂ ತಿಳಿಯುತ್ತಾರೆ. ಕಂದಾಯದವರ ಲೆಕ್ಕದಲ್ಲಿ ಅದು ಉಳುಮೆಗೆ ಬಾರದ್ದು ಅಂತ ಅಷ್ಟೇ. ಬಿ ಖರಾಬು ಅಂದರೆ ಇನ್ನೂ ಬೇರೆ: ಹಳ್ಳ, ಕೆರೆ, ದಾರಿ ಹೀಗೆ ಊರಿನ ಎಲ್ಲರ ಬಳಕೆಗೆ ಬಿಟ್ಟ ಜಾಗ. ನಿಮ್ಮ ಹಳ್ಳ ಅದರಲ್ಲಿದ್ದರೆ ಅದೇ ನಿಮ್ಮ ಆಧಾರ. ಉಳಲು ಬಾರದ ಆ ಕಲ್ಲು ನೆಲದಲ್ಲೇ ಹುಲ್ಲು ಬೆಳೆಯುತ್ತದೆ, ಕವಳಿ ಹಣ್ಣು, ಕಾರೆ ಹಣ್ಣು ಸಿಗುತ್ತವೆ, ಮೊದಲ ಮಳೆಯ ನೀರು ಇಂಗುತ್ತದೆ. ತೋಳ ಮರಿ ಹಾಕುವುದೂ ಅಂಥ ಕಡೆ. ಕಾಡು ಅಂದರೆ ಶಿರಸಿ, ದಾಂಡೇಲಿಯ ಎತ್ತರದ ಮರ ಅಂತಲೇ ಎಲ್ಲರ ತಲೆಯಲ್ಲಿದೆ. ಬಯಲುಸೀಮೆಯ ಕಾಡು ಹೀಗೇ ಇರುತ್ತದೆ ಅಂತ ಅಧಿಕಾರಿಗಳಿಗೂ ನಾವೇ ತಿಳಿಸಿ ಹೇಳಬೇಕಾಗುತ್ತದೆ.

ಇದೇ ಮಾತಿಗೆ ಸೇರಿದ್ದು ಇನ್ನೊಂದು. ಗುಡ್ಡ ಉಳಿಸುತ್ತೇವೆ ಅಂತ ಹೋಗಿ ಅಲ್ಲಿ ನೀಲಗಿರಿ, ಅಕೇಶಿಯಾ ನೆಡಿಸಿಕೊಳ್ಳಬೇಡಿ. ನಿಮ್ಮ ಪಕ್ಕದ ಹಾನಗಲ್ಲ ತಾಲೂಕಿನ ಕುಸನೂರಿನ ಹಿರಿಯರನ್ನು ಕೇಳಿ. 1984ರಲ್ಲಿ ಸರ್ಕಾರದ ನಿಗಮವೊಂದು ಖಾಸಗಿ ಕಾರ್ಖಾನೆ ಜತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿತು. ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಹಳ್ಳಿಯ ಜಾಗದಲ್ಲಿ ನೀಲಗಿರಿಯಂಥ ಗಿಡ ಬೆಳೆಸಿ ಕಾರ್ಖಾನೆಗೆ ಕೊಡುವುದು ಯೋಜನೆ. ಅದು ದನ ಮೇಯುವ, ಸೌದೆ ತರುವ ಜಾಗ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು, ಅದೇ ಕುಣಿಯಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಅಂತ ಅದಕ್ಕೆ ಹೆಸರು. ಜನ ಸಸಿ ಕೀಳುವುದಕ್ಕೆ ಮೊದಲೇ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತ್ತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರ ಜತೆ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. ತಡೆಯಾಜ್ಞೆ ಸಿಕ್ಕಿತ್ತು. ಕಡೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಒಂದು ಕಡೆ ಕೋರ್ಟಿನ ಕಾಗದ, ಇನ್ನೊಂದು ಕಡೆ ಕುಣಿ ತೋಡುವ ಕೈಗಳು. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಉತಾರ ಕೈಗೆ ಬಂದ ಮೇಲೆ ದಾರಿಗಳು ಹೀಗಿವೆ.

ಗುಡ್ಡದ ಯಾವುದಾದರೂ ತುಂಡು ಅರಣ್ಯ ಅಂತ ದಾಖಲಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಅಲ್ಲಿ ಗಣಿ ಮಾಡಲು ಕೇಂದ್ರದ ಅನುಮತಿ ಬೇಕು. ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ನೆಲದ ಮೇಲೆ ಕಾಡಿನ ಗುಣ ಇರುವ ಜಾಗಗಳನ್ನು "ಪರಿಭಾವಿತ ಅರಣ್ಯ" ಅಂತ ಗುರುತಿಸಿದ್ದಾರೆ. 1996ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದದ್ದು ಇದು. ನಮ್ಮ ರಾಜ್ಯದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಇದ್ದ ಪಟ್ಟಿಯನ್ನು 2022ರಲ್ಲಿ 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿದರು. ಮೂರನೇ ಎರಡು ಭಾಗ ಕೈಬಿಟ್ಟುಹೋಯಿತು! ನಿಮ್ಮ ಸರ್ವೆ ನಂಬರ್ ಮೊದಲ ಪಟ್ಟಿಯಲ್ಲಿತ್ತಾ, ಈಗ ಇದೆಯಾ, ಬಿಟ್ಟಿದ್ದರೆ ಯಾವ ಕಾರಣಕ್ಕೆ? ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರಣ್ಯ ಇಲಾಖೆಗೆ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. 2023ರಲ್ಲಿ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಅರಣ್ಯದ ಅರ್ಥವನ್ನೇ ಕಿರಿದು ಮಾಡಿತು. ಆದರೂ 2024ರ ಫೆಬ್ರವರಿಯ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹಳೆಯ ವಿಶಾಲ ಅರ್ಥವನ್ನೇ ಸದ್ಯಕ್ಕೆ ಪಾಲಿಸಿ ಅಂತ ರಾಜ್ಯಗಳಿಗೆ ಹೇಳಿದೆ. ಅದನ್ನು ನಿಮ್ಮ ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ.

ಗಾಯರಾಣ ಆಗಿದ್ದರೆ ಮಾತು ಬೇರೆ, ಮತ್ತು ನಿಮ್ಮ ಕುರಿಗಾರರಿಗೆ ಬಹಳ ಹತ್ತಿರದ್ದು. ಕರ್ನಾಟಕ ಭೂ ಕಂದಾಯ ನಿಯಮ 97ರಲ್ಲಿ ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಹುಲ್ಲುಗಾವಲು ಬಿಡಬೇಕು ಅಂತ ಲೆಕ್ಕ ಇದೆ. ಪಶು ಆಸ್ಪತ್ರೆಗೆ ಹೋಗಿ ನಿಮ್ಮ ಊರಿನ ಜಾನುವಾರು ಗಣತಿಯ ಅಂಕಿ ತನ್ನಿ. ಎಂಟುನೂರು ದನ ಇದ್ದರೆ 96 ಹೆಕ್ಟೇರ್ ಬೇಕು, ಹತ್ತಿರ ಹತ್ತಿರ 237 ಎಕರೆ. ಊರಿನಲ್ಲಿ ಇರುವುದೇ ಅಷ್ಟು ಅಂತಾದರೆ ಅದರಲ್ಲಿ ಖಡಿ ಮಷಿನ್‌ಗೆ ಕೊಡಲು ಮಿಗುವುದೇನು? ಈ ಒಂದು ಲೆಕ್ಕ ಹತ್ತು ಭಾಷಣಕ್ಕಿಂತ ಗಟ್ಟಿ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರೊಟ್ಟಿನ ಜಾಗಗಳನ್ನು ಉಳಿಸಬೇಕು, ಅತಿಕ್ರಮಣ ತೆಗೆಸಬೇಕು ಅಂತ ಎಲ್ಲಾ ರಾಜ್ಯಗಳಿಗೆ ಹೇಳಿದೆ. ಅದನ್ನೂ ಜತೆಗಿಡಿ.

ಮೂರನೆಯದು ನೀವು ಕೇಳಿದ್ದು, ಘೋಷಣೆ. ಕುರಿಗಾರರ ಹೆದರಿಕೆ ಸುಳ್ಳಲ್ಲ. ಅಭಯಾರಣ್ಯದಲ್ಲಿ ಮೇಯಿಸುವುದು ತಾನಾಗಿ ನಿಂತುಹೋಗುವುದಿಲ್ಲ. ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ನಿಯಂತ್ರಣ ಪೂರ್ತಿ ಅರಣ್ಯಾಧಿಕಾರಿ ಕೈಗೆ ಹೋಗುತ್ತದೆ, ಒಬ್ಬೊಬ್ಬರು ಒಂದೊಂದು ರೀತಿ ನಡೆಸುತ್ತಾರೆ. ನಿಮ್ಮ ಮುನ್ನೂರು ಎಕರೆಗೆ ಅಭಯಾರಣ್ಯ ಬೇಡ. ನನ್ನ ಸಲಹೆ ಸಂರಕ್ಷಣಾ ಮೀಸಲು ಪ್ರದೇಶ. ಅದು ಸರ್ಕಾರಿ ಜಾಗದಲ್ಲಿ ಮಾಡುವಂಥದ್ದು. ಗಾಯರಾಣವೂ ಸರ್ಕಾರದ್ದೇ. ಬೇಟೆ ಇಲ್ಲ, ಬೆಂಕಿ ಹಚ್ಚುವಂತಿಲ್ಲ. ನೋಡಿಕೊಳ್ಳಲು ಒಂದು ಸಮಿತಿ ಇರುತ್ತದೆ. ಅದರಲ್ಲಿ ಆಯಾ ಗ್ರಾಮ ಪಂಚಾಯತಿಯ ಪ್ರತಿನಿಧಿ ಇರಲೇಬೇಕು, ಪಶುಸಂಗೋಪನೆ ಇಲಾಖೆಯವರೂ ಇರುತ್ತಾರೆ. ಅಂದರೆ ಕುರಿಯ ಮಾತು ಆಡಲು ಒಂದು ಕುರ್ಚಿ ಇದೆ.

ಇಷ್ಟು ಸಣ್ಣ ಜಾಗಕ್ಕೆ ಕೊಡುತ್ತಾರಾ ಅಂತ ನಿಮಗೆ ಅನುಮಾನ ಬರಬಹುದು. ನಿಮ್ಮದೇ ತಾಲೂಕಿನ ಬಂಕಾಪುರ ಕೋಟೆ ನೋಡಿ. 139 ಎಕರೆ, ನಿಮ್ಮ ಗುಡ್ಡದ ಅರ್ಧಕ್ಕಿಂತ ಕಡಿಮೆ. ಖಿಲಾರಿ ದನ ಸಾಕುವ ಸರ್ಕಾರಿ ಕೇಂದ್ರ ಇರುವ ಜಾಗ. ಅಲ್ಲಿ ನವಿಲು ತುಂಬಿರುವುದರಿಂದ 2006ರಲ್ಲಿ ನವಿಲು ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ದನ ಮತ್ತು ನವಿಲು ಒಂದೇ ಕಡೆ ಇವೆ. ಹೆದರಿದವರನ್ನು ಒಂದು ದಿನ ಟಂಟಂನಲ್ಲಿ ಕೂರಿಸಿಕೊಂಡು ಬಂಕಾಪುರಕ್ಕೆ ಹೋಗಿಬನ್ನಿ. ನೀವು ನೂರು ಸಲ ಹೇಳುವುದಕ್ಕಿಂತ ಅವರು ಒಮ್ಮೆ ಕಣ್ಣಾರೆ ನೋಡಲಿ.

ಜೀವವೈವಿಧ್ಯ ಕಾಯ್ದೆಯ ದಾರಿಯೂ ಇದೆ. 2002ರ ಈ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ನೀರಿನ ಮೂಲ ಬರೆದಿಟ್ಟ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ನಿಮ್ಮ ಪಂಚಾಯತಿಯಲ್ಲಿ ಆ ಪುಸ್ತಕ ಕೇಳಿ. ನಾನು ನೋಡಿದ ಕಡೆಗಳಲ್ಲಿ ಬಹಳಷ್ಟು ಆತುರದಲ್ಲಿ ಬರೆದವು. ತೆಂಗು, ಮಾವು, ಬೇವು ಅಂತ ನಾಲ್ಕು ಪುಟ. ನಿಮ್ಮ ಗುಡ್ಡ ಅದರಲ್ಲಿ ಇರಲಿಕ್ಕಿಲ್ಲ. ಹಾಗಿದ್ದರೆ ಸಮಿತಿ ಸಭೆ ಕರೆದು ಸೇರಿಸಿ. ನಾಟಿ ವೈದ್ಯರು, ಕುರಿಗಾರರು, ಹಣ್ಣು ಆರಿಸುವ ಹೆಣ್ಣುಮಕ್ಕಳು, ಇವರ ಜತೆ ಒಂದು ವರ್ಷ ಗುಡ್ಡ ಸುತ್ತಿ ಬರೆಯಿರಿ. ಮುಂದೆ ಯಾವ ನ್ಯಾಯಾಲಯಕ್ಕೆ ಹೋದರೂ ಅದು ಸರ್ಕಾರಿ ದಾಖಲೆಯಾಗಿ ನಿಲ್ಲುತ್ತದೆ. ಇದೇ ಕಾಯ್ದೆಯಲ್ಲಿ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು.

ತೋಳದ ಬಗ್ಗೆ ಒಂದು ಎಚ್ಚರಿಕೆ. ತೋಳ, ನವಿಲು ಎರಡೂ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಆದ್ದರಿಂದ ಅವು ಅಲ್ಲಿವೆ ಎಂಬ ಪುರಾವೆ ದೊಡ್ಡದು. ಹೆಜ್ಜೆ, ಲದ್ದಿ, ಸಾಧ್ಯವಾದರೆ ದೂರದಿಂದ ಫೋಟೋ, ತಾರೀಖು ಮತ್ತು ಜಾಗದ ಗುರುತಿನ ಜತೆ ಇಟ್ಟುಕೊಳ್ಳಿ. ಆದರೆ ಮರಿ ಇರುವ ಬಿಲದ ಫೋಟೋವನ್ನು ದಯವಿಟ್ಟು ಫೇಸ್‌ಬುಕ್‌ಗೆ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಬಿಲಕ್ಕೆ ಹೊಗೆ ಹಾಕಿ ಮರಿ ಕೊಲ್ಲುವವರು ಇದ್ದಾರೆ. ಅದನ್ನು ವಲಯ ಅರಣ್ಯಾಧಿಕಾರಿಗೆ ಮಾತ್ರ ತಿಳಿಸಿ.

ಕ್ವಾರಿ ಅರ್ಜಿ ಎಲ್ಲಿಗೆ ಬಂದಿದೆ ಅಂತಲೂ ಈಗಲೇ ತಿಳಿಯಬೇಕು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಇನ್ನೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ, ಸರ್ವೆ ನಂಬರ್ ಬರೆದು. ಸಣ್ಣ ಕ್ವಾರಿ, ಅದಕ್ಕೆ ಏನೂ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2012ರ ಸುಪ್ರೀಂ ಕೋರ್ಟ್ ಆದೇಶದ ನಂತರ ಐದು ಹೆಕ್ಟೇರ್‌ಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು. ಆ ಅರ್ಜಿಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಕಾಣುತ್ತವೆ. ಊರಿನ ಕಾಲೇಜು ಹುಡುಗ ಹುಡುಗಿಯರಿಗೆ ವಾರಕ್ಕೊಮ್ಮೆ ನೋಡುವ ಕೆಲಸ ಕೊಡಿ. ಬಹಿರಂಗ ಅಹವಾಲು ಸಭೆ ಇಡುವಷ್ಟು ದೊಡ್ಡ ಗಣಿಯಾದರೆ ಮೂವತ್ತು ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆ ಮುಗಿಯುವಾಗ, ಜನ ಎತ್ತಿದ ಪ್ರಶ್ನೆಗಳ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ಊಟಕ್ಕೆ ಹೊತ್ತಾಯಿತು ಅಂತ ಎಲ್ಲರೂ ಎದ್ದುಹೋಗುವುದು ಆಗಲೇ. ಕೆಲವರಾದರೂ ಕೂತು ಕೇಳಿ, ತಪ್ಪಿದ್ದರೆ ಅಲ್ಲೇ ಹೇಳಿ ಬರೆಸಿ.

ಅನುಮತಿ ಕೊಟ್ಟೇಬಿಟ್ಟರೆ? ಮೂವತ್ತು ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಇನ್ನು ಅರವತ್ತು ದಿನ ಸಿಗಬಹುದು, ಅದರ ಮೇಲೆ ಒಂದು ದಿನವೂ ಇಲ್ಲ. ನಮ್ಮ ರಾಜ್ಯಕ್ಕೆ ಪೀಠ ಚೆನ್ನೈನಲ್ಲಿದೆ. ಪರಿಹಾರದ ಹಣ ಕೇಳದೆ ಹಾಕುವ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ. ಊರಿನ ಜನಕ್ಕೆ ಹೆಚ್ಚಾಗಿ ತಪ್ಪಿಹೋಗುವುದು ದುಡ್ಡಲ್ಲ, ದಿನ. ಮಷಿನ್ ಸದ್ದು ಕೇಳಿದ ಮೇಲೆ ಬರುತ್ತಾರೆ. ಅಷ್ಟರಲ್ಲಿ ತೊಂಬತ್ತು ದಿನ ಕಳೆದಿರುತ್ತದೆ.

ಇನ್ನು ಹಳ್ಳ. ಇಲ್ಲಿ ನಮ್ಮ ಕಾನೂನು ಬಹಳ ಬಡವಾಗಿದೆ. ಗುಡ್ಡಕ್ಕೆ, ಪ್ರಾಣಿಗೆ ಕಾಯ್ದೆ ಇದೆ. ನದಿ ನದಿಯಾಗಿ ಹರಿಯಲಿ ಅಂತ ಹೇಳುವ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ನದಿ ದಂಡೆಯಲ್ಲಿ ಏನು ಕಟ್ಟಬಾರದು ಅಂತ ಹೇಳುವ ನದಿ ನಿಯಂತ್ರಣ ವಲಯದ ಕರಡು ಬಂತು, ಕಾನೂನಾಗಲಿಲ್ಲ. ಅಮೆರಿಕದಲ್ಲಿ 1968ರಲ್ಲೇ ಕೆಲವು ನದಿಗಳನ್ನು ಅಣೆಕಟ್ಟೆ ಇಲ್ಲದೆ ಹರಿಯಲು ಬಿಡುವ ಕಾಯ್ದೆ ಬಂತು. ನ್ಯೂಜಿಲೆಂಡ್ 2017ರಲ್ಲಿ ವಾಂಗನುಯಿ ನದಿಗೆ ವ್ಯಕ್ತಿಯ ಸ್ಥಾನ ಕೊಟ್ಟಿತು. ಅದೇ ವರ್ಷ ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಗೆ ಅಂಥದ್ದೇ ಸ್ಥಾನ ಕೊಟ್ಟಾಗ ಸುಪ್ರೀಂ ಕೋರ್ಟ್ ತಡೆ ನೀಡಿತು. ನಮ್ಮ ಕೈಲಿರುವುದು 1974ರ ಜಲಮಾಲಿನ್ಯ ಕಾಯ್ದೆ. ಅದು ನೀರು ಕೆಡಿಸುವವರನ್ನು ಹಿಡಿಯುತ್ತದೆ. ನೀರಿನ ಮೂಲವನ್ನೇ ಒಡೆದು ಖಡಿ ಮಾಡುವವರನ್ನು ಹಿಡಿಯಲು ಅದಕ್ಕೆ ಕೈ ಇಲ್ಲ. ಹಾಗಾಗಿ ನಿಮ್ಮ ಹಳ್ಳವನ್ನು ಉಳಿಸುವ ದಾರಿ ಗುಡ್ಡದ ಮೂಲಕವೇ. ಠರಾವಿನಲ್ಲಿ ಹಳ್ಳ ಹುಟ್ಟುವ ಜಾಗ, ಅದರ ಕೆಳಗಿನ ಬೋರ್‌ವೆಲ್‌ಗಳು, ಬಾವಿಗಳು ಎಲ್ಲವನ್ನೂ ಹೆಸರಿಸಿ ಬರೆಯಿರಿ.

ನಿಮ್ಮ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಆ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಧಾರವಾಡದವನು. ನಾವು ಕುಡಿಯುವುದು ಮಲಪ್ರಭೆಯ ನೀರು. ನವಲಗುಂದ, ನರಗುಂದದ ರೈತರು 2015ರಿಂದ ವರ್ಷಗಟ್ಟಲೆ ಬಿಸಿಲಲ್ಲಿ ಕೂತದ್ದನ್ನು ನೋಡಿದ್ದೇನೆ. ಅವರ ಬೇಡಿಕೆ ನ್ಯಾಯದ್ದು. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾ, ಬಂಡೂರಿ ಹಳ್ಳಗಳಿಂದ 3.9 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ಒಪ್ಪಿದೆ. ಕುಡಿಯುವ ನೀರು ಕೇಳುವುದು ತಪ್ಪಲ್ಲ. ಆದರೆ ಅದೇ ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯ ಕಾಡಿನಲ್ಲಿ. ಆ ಕಾಡು ತೆಳ್ಳಗಾದಷ್ಟೂ ನಮ್ಮ ನದಿಯೇ ತೆಳ್ಳಗಾಗುತ್ತದೆ. ಅದಕ್ಕಾಗಿ, ಎಷ್ಟು ಮರ ಹೋಗುತ್ತದೆ, ಕಡಿಮೆ ಕಾಡು ಹೋಗುವ ದಾರಿ ಯಾವುದು ಅಂತ ಕೇಳುವ ಹಕ್ಕು ಮತ್ತು ಹೊಣೆ ನೀರು ಕೇಳುವ ನಮಗೇ ಇದೆ. ಗೋವಾದವರು ಕೇಳುತ್ತಾರೆ, ನಾವು ಕೇಳಬಾರದು ಅಂತ ಏನಿಲ್ಲ.

ಶಿರಸಿಯ ಅಡಿಕೆ ಬೆಳೆಗಾರರು ಹೀಗೆ ಕೇಳಿದವರು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಮುಂದೆ ಬೇಡ್ತಿಗೆ ಸೇರುತ್ತದೆ. ಆ ಬೇಡ್ತಿಗೆ ವಿದ್ಯುತ್ ಯೋಜನೆ ಬಂದಾಗ ಅವರು ಬರೀ ಬೇಡ ಅನ್ನಲಿಲ್ಲ. 1981ರಲ್ಲಿ ತಜ್ಞರನ್ನು ಶಿರಸಿಗೆ ಕರೆಸಿ, ಮುಳುಗುವ ತೋಟ ಮತ್ತು ಕಾಡಿನ ಬೆಲೆ ಎಷ್ಟು, ಬರುವ ವಿದ್ಯುತ್ತಿನ ಬೆಲೆ ಎಷ್ಟು ಅಂತ ಲೆಕ್ಕ ಹಾಕಿಸಿದರು. ಯೋಜನೆ ನಿಂತಿತು. ನಿಮ್ಮ ಹಿರಿಯರಿಗೆ ಇಷ್ಟು ಹೇಳಿ: ಅಲ್ಲಿ ಕೇಳಿದ್ದೂ ನೀರು, ಇಲ್ಲಿ ಕೇಳುತ್ತಿರುವುದೂ ನೀರು. ಅವರು ನರಗುಂದದಲ್ಲಿ ಕೂತದ್ದು ಯಾವ ಹಳ್ಳಕ್ಕಾಗಿಯೋ ಅಂಥದ್ದೇ ಒಂದು ಸಣ್ಣ ಹಳ್ಳ ಊರಿನ ಬೆನ್ನಿಗೇ ಇದೆ.

ಈಗ ಠರಾವು. ಗ್ರಾಮಸಭೆಯ ನೋಟಿಸಿನಲ್ಲಿ ವಿಷಯ ಮೊದಲೇ ನಮೂದಾಗಿರಲಿ, "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯ" ಅಂತ ಕೊನೆಗೆ ತುರುಕಿಸಬೇಡಿ. ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ, ದನಗಳ ಲೆಕ್ಕ, ಕಂಡ ಪ್ರಾಣಿಗಳು, ಹಳ್ಳದ ಮೂಲ, ಮತ್ತು ನಿಮಗೆ ಬೇಕಾದದ್ದು ಏನು ಎಂಬ ಒಂದು ಸ್ಪಷ್ಟ ಸಾಲು: 36ಎ ಪ್ರಕಾರ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಬೇಕು, ಊರಿನ ಜಾನುವಾರು ಮೇಯುವ ರೂಢಿ ಮುಂದುವರಿಯಬೇಕು. ಕುರಿಗಾರರ ಸಹಿ ಮೊದಲು ಇರಲಿ. ಹೆಣ್ಣುಮಕ್ಕಳ ಸಹಿ ಅರ್ಧದಷ್ಟಾದರೂ ಇರಲಿ. ಕಪ್ಪತಗುಡ್ಡದಲ್ಲಿ ಬಿದ್ದ ಕಂದಕ ನಿಮ್ಮ ಕಡತದಲ್ಲಿ ಬೀಳಬಾರದು ಅಂದರೆ, ಊರನ್ನು ಕೇಳಿಲ್ಲ ಅಂತ ನಾಳೆ ಯಾರೂ ಹೇಳದ ಹಾಗೆ ಈ ಕಾಗದ ಇರಬೇಕು. ಪಿಡಿಒ ಸಹಿ, ಸೀಲು ಹಾಕಿಸಿ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಒಂದು ಡಿಸಿಗೆ, ಒಂದು ಹಾವೇರಿಯ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ, ಒಂದು ಗಣಿ ಇಲಾಖೆಗೆ, ಒಂದು ನಿಮ್ಮ ಶಾಸಕರಿಗೆ ರಿಜಿಸ್ಟರ್ ಅಂಚೆಯಲ್ಲಿ ಹೋಗಲಿ. ರಶೀದಿ ಎಸೆಯಬೇಡಿ.

ಉತಾರ ಮತ್ತು ನಕ್ಷೆ ಸಿಕ್ಕ ಕೂಡಲೇ ಠರಾವಿನ ಕರಡು ಬರೆದು ನನಗೆ ಕಳಿಸಿ. ಗ್ರಾಮಸಭೆಗೆ ಮುಂಚೆ ತಿದ್ದಿ ವಾಪಸ್ ಕೊಡುತ್ತೇನೆ. ಬರೆಯಲು ಕೂತಾಗ ಆ ಹಿರಿಯರನ್ನೂ ಜತೆಗೆ ಕೂರಿಸಿಕೊಳ್ಳಿ. ಗುಡ್ಡದಲ್ಲಿ ಯಾವ ಒರತೆ ಯಾವ ತಿಂಗಳ ತನಕ ಹರಿಯುತ್ತಿತ್ತು, ಅದಕ್ಕೆ ಮೊದಲು ಏನು ಹೆಸರಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ನಕ್ಷೆಯಲ್ಲಿ ಆ ಹೆಸರು ಇರುವುದಿಲ್ಲ.